ಪತ್ತನಾಜೆ ಕಳೆದ ಮೇಲೆ ಒಬ್ಬ ಓರ್ಕ್: ಮಂಗಳೂರಿನ ಮಳೆಯಲ್ಲಿ ಮಿನಿಯೇಚರ್‌ಗೆ ಬಣ್ಣ

ಈ ಮಳೆಗಾಲಕ್ಕೆ ಹಿಡಿದ ಕೆಲಸ ಒಬ್ಬ ಓರ್ಕ್ ಸರದಾರ, ಕಲ್ಪನೆಯ ಕಥೆಗಳಲ್ಲಿ ಬರುವ ರಾಕ್ಷಸನಂಥವನು. ರೆಸಿನ್ ಅನ್ನುವ ದ್ರವ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ ಬೊಂಬೆ. ಬಲಗೈಯಲ್ಲಿ ಕೊಡಲಿ, ಎಡಗೈಗೆ ಗುರಾಣಿ, ಹೆಗಲ ಮೇಲೆ ತೋಳದ ಚರ್ಮ, ನಿಲ್ಲುವುದು 40 ಮಿಲಿಮೀಟರ್ ಅಗಲದ ದುಂಡು ಬೇಸ್ ಮೇಲೆ. ಇವನ ಕೈಕೆಳಗಿನ ಗಾಬ್ಲಿನ್ ಅನ್ನುವ ಕುಳ್ಳರ ಪಡೆಗೆ ಆಗಲೇ ಬಣ್ಣ ಆಗಿದೆ. ಆ ಗಾಬ್ಲಿನ್‌ಗಳನ್ನು ನೋಡಿದವರು ಹೇಳಿದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಒಳ್ಳೆಯದು ಕೆಟ್ಟದ್ದು ಎರಡೂ, ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಸರದಾರನಿಗೆ ಕೈ ಹಾಕಿದ್ದು.

ಇದೆಂಥದ್ದು ಅಂತ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೇಜಿನ ಮೇಲೆ ಬೊಂಬೆಗಳ ಸೈನ್ಯ ನಿಲ್ಲಿಸಿ, ಟೇಪಿನಿಂದ ದೂರ ಅಳೆದು, ದಾಳ ಹಾಕಿ ಯುದ್ಧ ಮಾಡುವ ಆಟ ಉಂಟು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ತಂದ ವಾರ್‌ಹ್ಯಾಮರ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಓರ್ಕ್, ಗಾಬ್ಲಿನ್, ಎಲ್ಫ್, ಎಲುಬುಗೂಡು, ಮಂತ್ರವಾದಿ, ಎಲ್ಲ ಇರುತ್ತಾರೆ. ಬೊಂಬೆಗಳಿಗೆ ಬಣ್ಣ ಇರುವುದಿಲ್ಲ, ನಾವೇ ಹಚ್ಚಬೇಕು. ಅಳತೆ ಹೆಚ್ಚಾಗಿ 28 ಮಿಲಿಮೀಟರ್, ಅಂದರೆ ಒಬ್ಬ ಸಾಧಾರಣ ಮನುಷ್ಯನ ಪಾದದಿಂದ ಕಣ್ಣಿನ ಮಟ್ಟಕ್ಕೆ ಅಷ್ಟು. ಆಟಕ್ಕಿಂತ ಬಣ್ಣದಲ್ಲೇ ಮುಳುಗಿ ಹೋದವರು ತುಂಬಾ ಜನ. ನಾನೂ ಅದೇ ಗುಂಪಿನವನು.

ತೊಳೆಯುವುದು, ಕೆರೆಯುವುದು, ಅಂಟಿಸುವುದು

ಬೊಂಬೆ ಪ್ರಿಂಟ್ ಮಾಡಿ ಕೊಟ್ಟದ್ದು ಮಣಿಪಾಲದಲ್ಲಿರುವ ಗೆಳೆಯ. ರೆಸಿನ್ ಪ್ರಿಂಟ್ ಮೆಷಿನ್‌ನಿಂದ ಇಳಿಯುವಾಗ ಅಂಟಂಟಾಗಿ ಇರುತ್ತದೆ. ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಆಮೇಲೆ 405 ನ್ಯಾನೋಮೀಟರ್‌ನ ಯುವಿ ದೀಪದ ಕೆಳಗೆ ಇಟ್ಟು ಗಟ್ಟಿ ಮಾಡಬೇಕು. ಬಿಸಿಲಿಗೆ ಇಟ್ಟರೂ ಆಗುತ್ತದೆ, ಆದರೆ ಜುಲೈಯಲ್ಲಿ ನಮ್ಮೂರಲ್ಲಿ ಬಿಸಿಲು ಎಲ್ಲಿಂದ ತರುವುದು? ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ, ಹಾಗಾಗಿ ಗ್ಲೌಸ್ ಹಾಕಿಯೇ ಮುಟ್ಟುವುದು. ಕೈಗೆ ಸ್ವಲ್ಪ ಅಂಟಿದ ಹಾಗೆ ಅನ್ನಿಸಿದರೂ ಇನ್ನೊಂದು ಸಲ ದೀಪದ ಕೆಳಗೆ ಇಡಿ. ಇಲ್ಲದಿದ್ದರೆ ಮೇಲಿನ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಪ್ರಿಂಟ್ ಆಗುವಾಗ ಆಧಾರಕ್ಕೆ ಇರುವ ಕಡ್ಡಿಗಳನ್ನು ಕತ್ತರಿಸಿದ ಜಾಗದಲ್ಲಿ ಸಣ್ಣ ಸಣ್ಣ ಗಂಟು ಉಳಿಯುತ್ತದೆ. ಓರ್ಕ್‌ನ ಮೊಣಕೈ ಕೆಳಗೆ ಮತ್ತು ಚರ್ಮದ ಅಂಚಿನಲ್ಲಿ ಇಂಥ ಗಂಟು ಜಾಸ್ತಿ ಇತ್ತು. ಮೊದಲು ಚೂಪು ಬ್ಲೇಡು, ಆಮೇಲೆ 400 ನಂಬರಿನ ಸ್ಯಾಂಡ್ ಪೇಪರ್, ಕೊನೆಗೆ 600. ನೀರಲ್ಲಿ ಅದ್ದಿಯೇ ಉಜ್ಜಬೇಕು. ರೆಸಿನ್ ಪುಡಿ ಒಣಗಿ ಹಾರಿದರೆ ಸೀದಾ ಶ್ವಾಸಕ್ಕೆ ಹೋಗುತ್ತದೆ.

ಕೊಡಲಿ ಹಿಡಿದ ಕೈ ಬೇರೆ ತುಂಡಾಗಿ ಬಂದಿತ್ತು. ಅದಕ್ಕೆ ಫೆವಿಕ್ವಿಕ್. ಮಳೆಗಾಲದಲ್ಲಿ ಇದರ ಸ್ವಭಾವ ಸ್ವಲ್ಪ ಬೇರೆ. ಈ ಜಾತಿಯ ಅಂಟು ಗಟ್ಟಿಯಾಗುವುದೇ ತೇವದಿಂದ, ನಮ್ಮ ಗಾಳಿಯಲ್ಲಿ ತೇವಕ್ಕೆ ಏನೂ ಬರ ಇಲ್ಲ, ಹಾಗಾಗಿ ಬೇಗ ಹಿಡಿಯುತ್ತದೆ. ಆದರೆ ಜಾಸ್ತಿ ಹಾಕಿದರೆ ಅದರ ಆವಿ ಸುತ್ತಮುತ್ತ ಕೂತು ಬಿಳಿ ಬೂದಿಯಂಥ ಪೊರೆ ಬಿಡುತ್ತದೆ. ಪಿನ್ನಿನ ತುದಿಯಲ್ಲಿ ಒಂದು ಚುಕ್ಕೆ ಇಟ್ಟರೆ ಧಾರಾಳ. ಭುಜದಲ್ಲಿ ಉಳಿದ ಸಂದಿಗೆ ಎಂ-ಸೀಲ್ ತುಂಬಿದೆ. ವಿದೇಶದವರು ಇದಕ್ಕೆ ಗ್ರೀನ್ ಸ್ಟಫ್ ಅನ್ನುವ ಪುಟ್ಟಿ ಬಳಸುತ್ತಾರೆ, ಅದು ನಯ, ಇದು ಒರಟು, ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಗೆ ಸಿಗುವುದು ಇದು. ಬೆರಳು ಒದ್ದೆ ಮಾಡಿಕೊಂಡು ನೀವಿದರೆ ಸಾಲು ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವ ಸೋಪು, ಹಳೆ ಟೂತ್‌ಬ್ರಶ್, ಒಂದು ಸ್ನಾನ.

ಪ್ರೈಮರ್: ಸ್ಪ್ರೇ ಡಬ್ಬಿ ಡಿಸೆಂಬರ್ ತನಕ ಕಪಾಟಿನಲ್ಲಿ

ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಹಚ್ಚುವ ಕೋಟು, ಇಲ್ಲದೆ ಆಕ್ರಿಲಿಕ್ ಬಣ್ಣ ರೆಸಿನ್ ಮೇಲೆ ನಿಲ್ಲುವುದಿಲ್ಲ. ಎಲ್ಲ ಕಡೆ ಕೊಡುವ ಸಲಹೆ ಸ್ಪ್ರೇ ಡಬ್ಬಿ. ಆ ಸಲಹೆ ಕೊಡುವವರ ಊರಿನ ಗಾಳಿ ಬೇರೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜುಲೈಯಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸು. ಇಂಥ ಗಾಳಿಯಲ್ಲಿ ಸ್ಪ್ರೇ ಹೊಡೆದರೆ ಬಣ್ಣ ಪುಡಿ ಪುಡಿಯಾಗಿ ಕೂರುತ್ತದೆ, ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಆದರೆ ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತದೆ. ಡಿಸೆಂಬರ್, ಜನವರಿಯ ಮಧ್ಯಾಹ್ನ ತಾರಸಿ ಮೇಲೆ ಆರಾಮಾಗಿ ಹೊಡೆಯಬಹುದು. ಈಗ ಬೇಡ.

ಹಾಗಾಗಿ ಬ್ರಶ್‌ನಲ್ಲೇ ಹಚ್ಚುವ ಪ್ರೈಮರ್. ಸ್ಪೇನಿನ ವಲ್ಲೆಹೋ ಕಂಪನಿಯ ಪಾಲಿಯುರೆಥೇನ್ ಪ್ರೈಮರ್ ಡ್ರಾಪರ್ ಬಾಟಲಿಯಲ್ಲಿ ಬರುತ್ತದೆ. ಕಪ್ಪು ತೆಗೆದುಕೊಂಡೆ. ತೆಳುವಾಗಿ ಒಂದು ಕೋಟು, ಒಣಗಿದ ಮೇಲೆ ಇನ್ನೊಂದು. ಮೂಲೆಗಳಲ್ಲಿ ಗುಳ್ಳೆ ನಿಲ್ಲದ ಹಾಗೆ ಒಣ ಬ್ರಶ್‌ನಿಂದ ಹೀರಿ ತೆಗೆಯುತ್ತಾ ಹೋಗಬೇಕು. ಮುಟ್ಟಿದರೆ ಒಣಗಿದ ಹಾಗೆ ಬೇಗ ಅನ್ನಿಸುತ್ತದೆ, ಆದರೆ ಪೂರ್ತಿ ಹಿಡಿಯಲು ಒಂದು ಇಡೀ ದಿನ ಬಿಡಬೇಕು, ಮಳೆಯಲ್ಲಿ ಅದಕ್ಕೂ ಜಾಸ್ತಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಪ್ಪಲಿ ಪೆಟ್ಟಿಗೆಗಳಿಂದ ಕೂಡಿಸಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಅದರೊಳಗೆ ಬೊಂಬೆ ನಿಲ್ಲಿಸಿದೆ. ಮನೆಯಲ್ಲಿ ಇನ್ನು ಮೇಲೆ ಯಾರೂ ಆ ಪೊಟ್ಟಣ ಬಿಸಾಡುವ ಹಾಗಿಲ್ಲ.

ಕಪ್ಪಿನ ಮೇಲೆ ಬೂದು ಬಣ್ಣದ ಡ್ರೈ ಬ್ರಶ್. ಬ್ರಶ್‌ಗೆ ಬಣ್ಣ ತೆಗೆದುಕೊಂಡು ಹೆಚ್ಚು ಕಡಿಮೆ ಎಲ್ಲವನ್ನೂ ಬಟ್ಟೆಗೆ ಒರೆಸಿಬಿಡುವುದು, ಉಳಿದ ಪುಡಿಯಷ್ಟು ಬಣ್ಣ ಉಬ್ಬಿದ ಜಾಗಕ್ಕೆ ಮಾತ್ರ ತಾಗುತ್ತದೆ. ಆಮೇಲೆ ಬಿಳಿ, ಅದೂ ಮೇಲಿನಿಂದ ಕೆಳಗೆ ಮಾತ್ರ, ತಲೆಯ ಮೇಲೆ ಒಂದು ದೀಪ ಇದೆ ಅಂದುಕೊಂಡು. ತಲೆ, ಭುಜ, ಕೊಡಲಿಯ ಮೇಲಂಚು ಬೆಳ್ಳಗೆ, ಹೊಟ್ಟೆಯ ಕೆಳಗೆ, ಕಾಲಿನ ಸಂದಿಯಲ್ಲಿ ಕಪ್ಪು ಹಾಗೇ. ಬಣ್ಣ ಬೀಳುವ ಮೊದಲೇ ಬೆಳಕು ನೆರಳು ತೀರ್ಮಾನ ಆಗುತ್ತದೆ. ಇದಕ್ಕೆ ಸ್ಲಾಪ್‌ಚಾಪ್ ಅನ್ನುತ್ತಾರೆ. 2019ರಲ್ಲಿ ಗೇಮ್ಸ್ ವರ್ಕ್‌ಶಾಪ್‌ನವರ ಕಾಂಟ್ರಾಸ್ಟ್ ಬಣ್ಣ ಬಂತು, ತೆಳುವಾಗಿ ಪಾರದರ್ಶಕವಾಗಿ ಸಂದಿಗೆ ಇಳಿಯುವಂಥದ್ದು, ಅಂಥ ಬಣ್ಣದ ಕೆಳಗೆ ಈ ಕೆಲಸ ಚೆನ್ನಾಗಿ ಕಾಣುತ್ತದೆ.

ಬ್ರಶ್ಶು, ಪ್ಯಾಲೆಟ್ಟು

ಚಿಕ್ಕ ಬೊಂಬೆಗೆ ಚಿಕ್ಕ ಬ್ರಶ್ ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಮೂರು ಸೊನ್ನೆಯ ಬ್ರಶ್ ತಂದು ಇಟ್ಟುಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ, ಮುಖದ ಹತ್ತಿರ ತರುವಷ್ಟರಲ್ಲಿ ತುದಿ ಒಣಗಿರುತ್ತದೆ. ಒಂದನೇ ನಂಬರಿನ ದುಂಡು ಬ್ರಶ್, ಆದರೆ ತುದಿ ಸೂಜಿಯ ಹಾಗೆ ಕೂಡಬೇಕು, ಅಷ್ಟು ಸಾಕು. ಕೊಲಿನ್‌ಸ್ಕಿ ಅನ್ನುವ ಪ್ರಾಣಿಯ ಕೂದಲಿನ ಬ್ರಶ್ ಸಿಕ್ಕಿದರೆ ಒಳ್ಳೆಯದೇ, ಬೆಲೆ ಮಾತ್ರ ಕೇಳಬೇಡಿ. ನಾನು ದಿನದ ಕೆಲಸಕ್ಕೆ ಕ್ಯಾಮ್ಲಿನ್‌ನ ಸಿಂಥೆಟಿಕ್ ಬ್ರಶ್ ಬಳಸುತ್ತೇನೆ. ಅದರ ತುದಿ ಕೆಲವು ವಾರಕ್ಕೆ ಕೊಕ್ಕೆಯಾಗಿ ಬಗ್ಗುತ್ತದೆ, ಆಗ ಅದನ್ನು ಡ್ರೈ ಬ್ರಶ್ ಕೆಲಸಕ್ಕೆ ಇಳಿಸುತ್ತೇನೆ, ಅಲ್ಲಿಂದ ಅಂಟು ಹಚ್ಚಲು. ಬ್ರಶ್ಶನ್ನು ನೀರಿನ ಗ್ಲಾಸಲ್ಲಿ ತಲೆಕೆಳಗಾಗಿ ನಿಲ್ಲಿಸಬಾರದು. ತಗಡಿನ ಕುತ್ತಿಗೆಯ ತನಕ ಬಣ್ಣ ಹತ್ತಲೂ ಬಿಡಬಾರದು.

ವೆಟ್ ಪ್ಯಾಲೆಟ್ ಮನೆಯಲ್ಲೇ ಆಗುತ್ತದೆ. ತಟ್ಟೆಯಂಥ ಒಂದು ಪ್ಲಾಸ್ಟಿಕ್ ಡಬ್ಬಿ, ಅಡುಗೆ ಮನೆಯ ತೆಳು ಸ್ಪಂಜು, ಮೇಲೆ ಬೇಕಿಂಗ್ ಪೇಪರ್. ಮೇಣ ಹಚ್ಚಿದ ಕಾಗದ ಬೇಡ, ಅದರಲ್ಲಿ ನೀರು ಮೇಲೆ ಬರುವುದಿಲ್ಲ. ಒಣ ಊರಲ್ಲಿ ಈ ಡಬ್ಬಿ ಬಣ್ಣ ಒಣಗದ ಹಾಗೆ ಕಾಯುತ್ತದೆ, ನಮ್ಮಲ್ಲಿ ತಾಪತ್ರಯ ತಿರುಗಾಮುರುಗ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಬಣ್ಣವೆಲ್ಲ ನೀರಾಗಿ ಹರಡಿರುತ್ತದೆ, ವಾರ ಬಿಟ್ಟರೆ ಬೂಸ್ಟು. ಮಳೆಗಾಲದಲ್ಲಿ ಸ್ಪಂಜು ಚೆನ್ನಾಗಿ ಹಿಂಡಿಯೇ ಇಡಿ, ಎರಡು ದಿನಕ್ಕೊಮ್ಮೆ ಸೋಪಿನಲ್ಲಿ ತೊಳೆಯಿರಿ.

ಬಣ್ಣ ಎಷ್ಟು ತೆಳುವಿರಬೇಕು ಅನ್ನುವುದಕ್ಕೆ ನಮ್ಮ ಕಡೆಯವರಿಗೆ ಅಳತೆ ಹೇಳುವುದು ಸುಲಭ: ಉದ್ದಿನ ದೋಸೆಯ ಹಿಟ್ಟಲ್ಲ, ನೀರುದೋಸೆಯ ಹಿಟ್ಟು. ಒಂದು ಕೋಟಿನಲ್ಲಿ ಕೆಳಗಿನ ಬಣ್ಣ ಕಾಣಬೇಕು, ಎರಡನೆಯದರಲ್ಲಿ ಮುಚ್ಚಬೇಕು. ಡೈರಿಯ ಮೊದಲ ಪುಟದಲ್ಲಿ ಗೆಳೆಯನ ಮಾತು ಇದೇ: "ಮಾರಾಯ, ಗಾಬ್ಲಿನ್‌ನ ಬೆರಳು ಎಲ್ಲಿ ಹೋಯ್ತು?" ದಪ್ಪ ಬಣ್ಣದಲ್ಲಿ ಬೆರಳುಗಳ ನಡುವಿನ ಸಂದಿ ಮುಚ್ಚಿ ಹೋಗಿತ್ತು. ಆ ಗಾಬ್ಲಿನ್ ಪ್ಲಾಸ್ಟಿಕ್‌ನದ್ದು. ಡೆಟಾಲ್‌ನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಬಣ್ಣ ತೆಗೆದೆ. ಒಂದು ಎಚ್ಚರಿಕೆ: ಬಣ್ಣ ಉಜ್ಜಿ ತೆಗೆಯುವಾಗ ಡೆಟಾಲ್‌ನಲ್ಲೇ ಅದ್ದುತ್ತಾ ಉಜ್ಜಬೇಕು, ಮಧ್ಯದಲ್ಲಿ ನೀರು ತಾಗಿಸಿದರೆ ಎಲ್ಲ ಟಾರಿನ ಹಾಗೆ ಅಂಟಾಗುತ್ತದೆ. ಪೂರ್ತಿ ಹೋದ ಮೇಲೆಯೇ ಸೋಪು ನೀರು. ಮನೆಯೆಲ್ಲ ಆಸ್ಪತ್ರೆ ವಾಸನೆ, ಅಮ್ಮ ಬಂದು "ಯಾರಿಗೆ ಏನಾಯಿತು" ಅಂತ ಕೇಳಿದರು.

ಹಸಿರು ಮೈ

ಸರದಾರನ ಮೈಗೆ ಮೊದಲು ಕಡು ಹಸಿರು. ಅದರ ಮೇಲೆ ಅಗ್ರಾಕ್ಸ್ ಅರ್ಥ್‌ಶೇಡ್, ಇದು ಕಂದು ಬಣ್ಣದ ವಾಶ್, ಅಂದರೆ ನೀರಿನಂಥ ತೆಳು ಬಣ್ಣ. ವಾಶ್ ಸಂದಿಗೆ ತಾನೇ ಇಳಿಯುತ್ತದೆ, ಆದರೆ ಹೊಟ್ಟೆಯಂಥ ಸಪಾಟು ಜಾಗದಲ್ಲಿ ಕೆರೆಯಾಗಿ ನಿಂತು, ಒಣಗಿದ ಮೇಲೆ ಅಂಚಿನಲ್ಲಿ ಕಲೆ ಉಳಿಸುತ್ತದೆ. ಮಳೆಯಲ್ಲಿ ಒಣಗುವುದು ನಿಧಾನ, ಕಲೆಗೆ ಸಮಯ ಜಾಸ್ತಿ. ಹಾಗಾಗಿ ಮೈಯೆಲ್ಲ ಒಂದೇ ಸಲ ಹಚ್ಚದೆ ಒಂದು ತೋಳು, ಒಂದು ಕಾಲು ಅಂತ ಮಾಡಿದೆ, ನಿಂತ ನೀರನ್ನು ಒಣ ಬ್ರಶ್‌ನಿಂದ ಹೀರುತ್ತಾ.

ಬೆಳಕು ಬೀಳುವ ಜಾಗಕ್ಕೆ ಅಂತ ಹಸಿರಿಗೆ ಬಿಳಿ ಸೇರಿಸಿದರೆ ಸುಣ್ಣ ಹಚ್ಚಿದ ಗೋಡೆಯ ಬಣ್ಣ ಬರುತ್ತದೆ. ಹಳದಿ ಸೇರಿಸಬೇಕು. ನೆರಳಿಗೆ ಕಪ್ಪು ಸೇರಿಸಿದರೆ ಕೊಳೆ. ಸ್ವಲ್ಪ ನೇರಳೆ ಸೇರಿಸಿದರೆ ಹಸಿರು ಆಳಕ್ಕೆ ಇಳಿಯುತ್ತದೆ, ಆದರೂ ಜೀವ ಇರುತ್ತದೆ. ಹೀಗೆ ಮೂರು ಮೆಟ್ಟಿಲು ಹಸಿರು ಹಾಕಿ, ಕಣ್ಣು, ಹಲ್ಲು ಬರೆದು, ಒಂದು ಹಂತಕ್ಕೆ ತಂದು ನಿಲ್ಲಿಸಿದೆ. ಜನರಿಗೆ ತೋರಿಸುವುದು ಇಲ್ಲೇ. ಪೂರ್ತಿ ಮುಗಿಸಿದ ಮೇಲೆ ತೋರಿಸಿದರೆ ನಮಗೂ ಬದಲಾಯಿಸಲು ಮನಸ್ಸು ಬರುವುದಿಲ್ಲ, ನೋಡುವವರಿಗೂ ಹೇಳಲು ಮನಸ್ಸು ಬರುವುದಿಲ್ಲ.

ಕೇಳುವ ಪ್ರಶ್ನೆ

ಗಾಬ್ಲಿನ್‌ಗಳ ಕಾಲದಲ್ಲಿ ಎಲ್ಲರಿಗೂ ತೋರಿಸಿ "ಹೇಗುಂಟು?" ಅಂತ ಕೇಳುತ್ತಿದ್ದೆ. "ಲಾಯ್ಕುಂಟು" ಅನ್ನುತ್ತಿದ್ದರು. ಕೇಳಲು ಖುಷಿ, ಕೆಲಸಕ್ಕೆ ಏನೂ ಸಿಗುವುದಿಲ್ಲ. ಈಗ ಪ್ರಶ್ನೆ ಬದಲಾಗಿದೆ. ಬೊಂಬೆಯನ್ನು ಮೇಜಿನ ಮೇಲೆ ಇಟ್ಟು, ನೋಡುವವರನ್ನು ಮೂರಡಿ ದೂರ ಕೂರಿಸಿ, "ಕಣ್ಣು ಮೊದಲು ಎಲ್ಲಿಗೆ ಹೋಯ್ತು?" ಅಂತ ಕೇಳುತ್ತೇನೆ. ಈ ಪ್ರಶ್ನೆಗೆ ಬಣ್ಣದ ಬಗ್ಗೆ ಏನೂ ಗೊತ್ತಿಲ್ಲದವರೂ ಉತ್ತರ ಕೊಡಬಲ್ಲರು. ಮುಖ ಅಂದರೆ ಸರಿ. ಸೊಂಟದ ಬಕಲ್ ಅಂದರೆ ಎಲ್ಲೋ ಬೆಳಕು ತಪ್ಪಿ ಕೂತಿದೆ ಅಂತ ಅರ್ಥ.

ಅತ್ತಿಗೆ "ಹಲ್ಲು" ಅಂದರು. "ಎಷ್ಟು ಬಿಳಿ ಮಾರಾಯ, ಕಾಡಲ್ಲಿ ಇರುವವನಿಗೆ ಪೇಸ್ಟ್ ಎಲ್ಲಿ ಸಿಗ್ತದೆ?" ಸರಿಯಾದ ಮಾತು. ಹಲ್ಲಿಗೆ ಅಪ್ಪಟ ಬಿಳಿ ಬೇಡ, ದಂತದ ಬಣ್ಣ ಹಾಕಿ, ಬುಡಕ್ಕೆ ಕಂದು ವಾಶ್, ತುದಿಯಲ್ಲಿ ಮಾತ್ರ ಬಿಳಿ ಚುಕ್ಕೆ.

ದೊಡ್ಡ ಪಾಠ ಮಾವನಿಂದ. ಅಮ್ಮನ ಅಣ್ಣ, ಯಕ್ಷಗಾನದ ತೆಂಕುತಿಟ್ಟಿನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಮಾಡುತ್ತಿದ್ದವರು. ಮೇ ಕೊನೆಗೆ ಬರುವ ಪತ್ತನಾಜೆ ಅನ್ನುವ ತುಳುನಾಡಿನ ವಿಶೇಷ ದಿನ ಕಳೆದರೆ ಮೇಳಗಳ ತಿರುಗಾಟ ನಿಲ್ಲುತ್ತದೆ, ಆಮೇಲೆ ಮಳೆಗಾಲಕ್ಕೆ ತಾಳಮದ್ದಳೆ, ಅದರಲ್ಲಿ ವೇಷವೂ ಇಲ್ಲ ಬಣ್ಣವೂ ಇಲ್ಲ. ಬಿಜೈಯ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದವರ ಎದುರು ಓರ್ಕ್‌ನ ಇಟ್ಟೆ.

"ಇದಕ್ಕೆ ಮುಖ ಉಂಟಾ?"

"ಉಂಟು ಮಾವ. ಕಣ್ಣು, ಹುಬ್ಬು, ಹಲ್ಲು ಎಲ್ಲ ಬರೆದಿದ್ದೇನೆ, ಹತ್ತಿರದಿಂದ ನೋಡಿ."

"ನಾನು ಯಾಕೆ ಹತ್ತಿರ ಬರಬೇಕು? ಆಟ ನೋಡ್ಲಿಕ್ಕೆ ಬಂದವನು ರಂಗಸ್ಥಳದ ಮೇಲೆ ಹತ್ತಿ ನೋಡ್ತಾನಾ? ಹಿಂದೆ ಗದ್ದೆಯ ಆ ತುದಿಯಲ್ಲಿ ಕೂತವನಿಗೆ ಕಣ್ಣು ತಿರುಗಿದ್ದು ಕಾಣಬೇಕು."

ಬಣ್ಣದ ವೇಷದ ಮುಖ ನೋಡಿದವರಿಗೆ ಗೊತ್ತಿರುತ್ತದೆ. ಕಣ್ಣಿನ ಸುತ್ತ ದಪ್ಪ ಕಪ್ಪು, ಅದರ ಪಕ್ಕ ಕೆಂಪು, ಅದರ ಅಂಚಿಗೆ ಅಕ್ಕಿ ಹಿಟ್ಟು ಸುಣ್ಣ ಕಲಸಿ ಇಟ್ಟ ಚಿಟ್ಟಿಯ ಬಿಳಿ ಸಾಲು. ಯಕ್ಷಗಾನದಲ್ಲಿ ಕಲಾವಿದರು ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕೂತು ತಮ್ಮ ಮುಖಕ್ಕೆ ತಾವೇ ಬರೆದುಕೊಳ್ಳುತ್ತಾರೆ, ರಾಕ್ಷಸನ ಮುಖಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಿಂದೆ ದೊಂದಿ ಬೆಳಕಿನಲ್ಲಿ ಆಟ ಆಗುತ್ತಿದ್ದಾಗ ಕಾಣಬೇಕು ಅಂತ ಬೆಳೆದ ಬರವಣಿಗೆ ಅದು. ನಾನು ಮಿನಿಯೇಚರ್‌ಗೆ ಬಿಳಿ ಹೆಚ್ಚಿಸಲು ಹೊರಟಾಗ ಮಾವ ತಡೆದರು.

"ಬಿಳಿ ಜಾಸ್ತಿ ಮಾಡ್ಬೇಡ. ಬಿಳಿಯ ಪಕ್ಕದ್ದನ್ನು ಕಪ್ಪು ಮಾಡು. ಆಗ ಇರುವ ಬಿಳಿಯೇ ಸಾಕಾಗ್ತದೆ."

ಇದನ್ನು ಡೈರಿಯಲ್ಲಿ ಎರಡು ಗೆರೆ ಎಳೆದು ಬರೆದುಕೊಂಡೆ. ಮಿನಿಯೇಚರ್ ಲೋಕದಲ್ಲಿ ಕಾಂಟ್ರಾಸ್ಟ್ (ಬೆಳಕು ನೆರಳಿನ ಅಂತರ) ಹೆಚ್ಚಿಸಿ, ಇನ್ನೂ ಹೆಚ್ಚಿಸಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಹೆಚ್ಚಿಸುವುದು ಅಂತ ಅಷ್ಟು ಸರಿಯಾಗಿ ಹೇಳಿದವರು ಕಡಿಮೆ.

ಮುಖ ಮತ್ತೆ

ಮೊದಲು ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದೆ. ಮಾವ ಹೇಳಿದ್ದು ಅಲ್ಲೇ ಕಾಣುತ್ತಿತ್ತು. ಹಸಿರು ಮುಖ, ಕಂದು ಚರ್ಮ, ಕಬ್ಬಿಣದ ಭುಜಪಟ್ಟಿ, ಎಲ್ಲ ಒಂದೇ ಬೂದಿ. ಬಣ್ಣ ಬೇರೆ ಬೇರೆ ಇದ್ದರೂ ಬೆಳಕಿನ ಮಟ್ಟ ಒಂದೇ ಇದ್ದರೆ ದೂರಕ್ಕೆ ಎಲ್ಲ ಕಲಸಿ ಹೋಗುತ್ತದೆ. ಈ ಫೋಟೋ ಪರೀಕ್ಷೆಗೆ ಖರ್ಚಿಲ್ಲ, ಯಾರನ್ನೂ ಕಾಯಬೇಕಿಲ್ಲ, ಪ್ರತಿ ಹಂತದಲ್ಲೂ ಮಾಡುತ್ತೇನೆ. ಕಣ್ಣು ಅರ್ಧ ಮುಚ್ಚಿ ನೋಡಿದರೂ ಹೆಚ್ಚು ಕಡಿಮೆ ಇದೇ ಫಲ.

ಕಣ್ಣಿನ ಗುಳಿಗೆ ಕಪ್ಪಿಗೆ ಹತ್ತಿರದ ಕಡು ಕಂದು ತುಂಬಿದೆ, ಮೊದಲಿಗಿಂತ ಅಗಲವಾಗಿ. ಅದರ ನಡುವೆ ಮಾಸಲು ಬಿಳಿಯ ಅಡ್ಡ ಗೀಟು. ಈ ಅಳತೆಯಲ್ಲಿ ಕಣ್ಣು ಒಂದು ಮಿಲಿಮೀಟರೂ ಇರುವುದಿಲ್ಲ, ದುಂಡು ಚುಕ್ಕೆ ಇಟ್ಟರೆ ಹೆದರಿದವನ ಹಾಗೆ ಕಾಣುತ್ತಾನೆ, ಅದಕ್ಕೆ ಪಾಪೆಯನ್ನು ಚುಕ್ಕೆಯಾಗಿ ಇಡದೆ ಮೇಲಿನಿಂದ ಕೆಳಗೆ ಒಂದು ಸಣ್ಣ ಗೆರೆ ಎಳೆಯಬೇಕು. ಗೆರೆಯ ತುದಿ ರೆಪ್ಪೆಗೆ ತಾಗಿದರೆ ತೊಂದರೆ ಇಲ್ಲ. ಉಸಿರು ಬಿಟ್ಟು, ಎರಡೂ ಮುಂಗೈ ಒಂದಕ್ಕೊಂದು ಒತ್ತಿ ಹಿಡಿದು ಬರೆದರೆ ಕೈ ನಡುಗುವುದಿಲ್ಲ. ಬೊಂಬೆಯನ್ನು ಒಂದು ಔಷಧಿ ಬಾಟಲಿಯ ಮೇಲೆ ಅಂಟಿಸಿಕೊಂಡಿದ್ದೇನೆ, ಹಿಡಿಯಲು ಸುಲಭ.

ಕೆನ್ನೆಯ ಮೂಳೆ, ಮೂಗಿನ ಮೇಲ್ಭಾಗ, ಕೆಳತುಟಿ, ಹುಬ್ಬಿನ ಅಂಚು, ಇಷ್ಟಕ್ಕೆ ಮಾತ್ರ ಹಳದಿ ಕಲಸಿದ ತಿಳಿ ಹಸಿರು. ದವಡೆಯ ಕೆಳಗೆ ನೇರಳೆ ಕಲಸಿದ ಹಸಿರನ್ನು ಎರಡು ಮೂರು ತೆಳು ಪದರದಲ್ಲಿ ಇಳಿಸಿದೆ. ತೋಳದ ಚರ್ಮ ಮೊದಲು ತಿಳಿ ಕಂದು ಇತ್ತು, ಅದು ಮುಖದ ಪಕ್ಕದಲ್ಲೇ ಬರುತ್ತದೆ, ಅದನ್ನು ಕಪ್ಪಿನ ಹತ್ತಿರಕ್ಕೆ ತಂದು ಕೂದಲಿನ ತುದಿಗೆ ಮಾತ್ರ ಡ್ರೈ ಬ್ರಶ್ ಬಿಟ್ಟೆ. ಮುಖಕ್ಕೆ ಹೆಚ್ಚು ಏನೂ ಮಾಡದೆಯೇ ಮುಖ ಮುಂದೆ ಬಂತು.

ಮಣಿಪಾಲದ ಗೆಳೆಯನಿಗೆ ಫೋಟೋ ಕಳಿಸಿದಾಗ ಅವನ ತಕರಾರು ಬೇರೆ. ಹಸಿರಿನ ಮೆಟ್ಟಿಲುಗಳು ಕಾಣುತ್ತವೆ, ಗ್ಲೇಜ್ ಹಾಕಿ ನಯ ಮಾಡು ಅಂದ. ಗ್ಲೇಜ್ ಅಂದರೆ ಬಣ್ಣಕ್ಕಿಂತ ನೀರು, ಮೀಡಿಯಮ್ (ಬಣ್ಣ ತೆಳು ಮಾಡುವ ದ್ರವ) ಜಾಸ್ತಿ ಇರುವ ಪದರ, ಹಲವು ಸಲ ಎಳೆದರೆ ಎರಡು ಬಣ್ಣದ ಗಡಿ ಕರಗುತ್ತದೆ. ಮಾವ ಗಡಿ ಬೇಕು ಅನ್ನುತ್ತಾರೆ, ಇವನು ಬೇಡ ಅನ್ನುತ್ತಾನೆ. ಇಬ್ಬರೂ ಸರಿಯೇ, ಆದರೆ ಇವನು ನೋಡುತ್ತಿರುವುದು ಬೆರಳಲ್ಲಿ ಹಿಗ್ಗಿಸಿದ ಫೋಟೋ, ಅದರಲ್ಲಿ ಓರ್ಕ್‌ನ ಮೂಗು ನನ್ನ ಹೆಬ್ಬೆರಳಿನಷ್ಟು ದೊಡ್ಡದು. ಗೋಲ್ಡನ್ ಡೀಮನ್‌ನಂಥ ಸ್ಪರ್ಧೆಗೆ ಇಡುವವರಿಗೆ ಆ ನಯ ಬೇಕು. ನನ್ನ ಸರದಾರ ಮೇಜಿನ ಮೇಲೆ ಗಾಬ್ಲಿನ್‌ಗಳ ನಡುವೆ ನಿಲ್ಲುವವನು. ಮುಖಕ್ಕೆ ಮಾತ್ರ ಗ್ಲೇಜ್ ಹಾಕಿದೆ, ತೋಳು ಕಾಲಿನ ಮೆಟ್ಟಿಲು ಹಾಗೇ ಬಿಟ್ಟೆ. ಎಲ್ಲ ಸಲಹೆಯನ್ನೂ ಒಂದೇ ಬೊಂಬೆಗೆ ಹಚ್ಚಲು ಹೋದರೆ ಮುಂದಿನ ಮಳೆಗಾಲ ಬರುತ್ತದೆ.

ಕೊಡಲಿಯ ತುಕ್ಕಿಗೆ ಗೇಟು ನೋಡಿ

ಕೊಡಲಿಗೆ ಕಪ್ಪಿನ ಮೇಲೆ ಕಡು ಉಕ್ಕಿನ ಬಣ್ಣ, ನುಲ್ನ್ ಆಯಿಲ್ ಅನ್ನುವ ಕಪ್ಪು ವಾಶ್, ಆಮೇಲೆ ಅಂಚಿಗೆ ಬೆಳ್ಳಿ. ಅಂಚು ಎಳೆಯುವಾಗ ಬ್ರಶ್‌ನ ತುದಿಯಿಂದ ಗೆರೆ ಹಾಕಲು ಹೋಗಬೇಡಿ, ಬ್ರಶ್ಶನ್ನು ಮಲಗಿಸಿ ಅದರ ಬದಿಯನ್ನು ಅಂಚಿನ ಮೇಲೆ ಜಾರಿಸಿದರೆ ತಾನಾಗಿ ನೇರ ಬರುತ್ತದೆ. ಲೋಹದ ಬಣ್ಣ ಮುಗಿದ ಕೂಡಲೇ ನೀರು ಬದಲಾಯಿಸಿ. ಅದರ ಮಿನುಗು ಪುಡಿ ಆಮೇಲೆ ಹಸಿರಿನೊಳಗೆಲ್ಲ ಕಾಣಿಸಿಕೊಳ್ಳುತ್ತದೆ.

ತುಕ್ಕಿಗೆ ಮಾದರಿ ಹುಡುಕಬೇಕಾಗಿಲ್ಲ, ಕರಾವಳಿಯ ಯಾವ ಮನೆಯ ಗೇಟು ಆದರೂ ಆದೀತು. ಮಳೆಯಲ್ಲಿ ಕೊಡೆ ಹಿಡಿದು ನಮ್ಮ ಗೇಟಿನ ಎದುರು ನಿಂತು ನೋಡಿದೆ. ತುಕ್ಕು ಎಲ್ಲ ಕಡೆ ಸಮ ಹರಡುವುದಿಲ್ಲ. ವೆಲ್ಡಿಂಗ್ ಮಾಡಿದ ಜಾಗ, ನೀರು ನಿಲ್ಲುವ ಮೂಲೆ, ಅಲ್ಲಿಂದ ಕೆಳಗೆ ಇಳಿದ ಕಲೆ. ನಡುವೆ ಕಪ್ಪು ಕಂದು, ಅಂಚಿನಲ್ಲಿ ಕಿತ್ತಳೆ. ಕೊಡಲಿಯ ಹಿಡಿಗೆ ಅಲಗು ಸೇರುವ ಕಡೆ ಹಾಗೇ ಮಾಡಿದೆ: ಮೊದಲು ಕಡು ಕಂದನ್ನು ಸ್ಪಂಜಿನ ತುಣುಕಿನಿಂದ ಒತ್ತಿ, ಅದರ ಒಳಗೆ ಸ್ವಲ್ಪ ಕಿತ್ತಳೆ, ಕೊನೆಗೆ ನೀರಾದ ಕಿತ್ತಳೆಯ ಒಂದು ಇಳಿಗೆರೆ.

ಬೇಸ್

ಬೇಸ್‌ಗೆ ಸಾಮಾನು ಆನ್‌ಲೈನ್‌ನಲ್ಲಿ ತರಿಸುವುದು ನನಗೆ ಒಪ್ಪಿಗೆ ಇಲ್ಲ. ಕೆಂಪುಕಲ್ಲು ಕಡಿದ ಪುಡಿ, ಒಡೆದ ಹೆಂಚು, ತೆಂಗಿನ ನಾರು, ಎಲ್ಲ ಹಿತ್ತಲಲ್ಲೇ ಬಿದ್ದಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನಲ್ಲಿ ಹೆಂಚಿನ ಚೂರಿಗೆ ಕೊರತೆ ಆದದ್ದೇ ಇಲ್ಲ. ಚೂರನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದರೆ ಚಪ್ಪಟೆ ತುಣುಕು ಬರುತ್ತದೆ, ಪಾಳು ಬಿದ್ದ ಕೋಟೆಯ ನೆಲಹಾಸಿಗೆ ಅದೇ ಸರಿ. ಕೆಂಪುಕಲ್ಲಿನ ತರಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ ದಪ್ಪ, ಸಣ್ಣ ಅಂತ ಬೇರೆ ಮಾಡಿದೆ. ಜಾಲರಿ ಹೊಸದು ತಂದುಕೊಟ್ಟೆ. ಫೆವಿಕಾಲ್‌ಗೆ ಸ್ವಲ್ಪ ನೀರು ಹಾಕಿ ಹಚ್ಚಿ, ತರಿ ಉದುರಿಸಿ, ಒಣಗಿದ ಮೇಲೆ ಮೇಲಿನಿಂದ ತೆಳು ಫೆವಿಕಾಲ್ ನೀರು ಇನ್ನೊಮ್ಮೆ ಬಿಟ್ಟರೆ ಉದುರುವುದಿಲ್ಲ.

ಪಣಂಬೂರಿನ ಕಡಲತೀರದ ಮರಳು ಬಳಸುವವರು ಸಿಹಿನೀರಲ್ಲಿ ಚೆನ್ನಾಗಿ ತೊಳೆದು ಬಾಣಲೆಯಲ್ಲಿ ಬಿಸಿ ಮಾಡಿ ಬಳಸಿ. ಉಪ್ಪು ಉಳಿದರೆ ತೇವ ಎಳೆಯುತ್ತದೆ, ಬಣ್ಣದ ಮೇಲೆ ಬಿಳಿ ಪುಡಿ ಏಳುತ್ತದೆ. ಕಂಪೌಂಡ್ ಗೋಡೆಯ ಪಾಚಿ ನೋಡಲು ಆಸೆ ಹುಟ್ಟಿಸುತ್ತದೆ, ಬೇಡ, ಒಣಗಿದರೆ ಬಣ್ಣ ಹೋಗಿ ಪುಡಿಯಾಗುತ್ತದೆ. ಒಣಹುಲ್ಲಿಗೆ ತೆಂಗಿನ ನಾರಿನ ಚಿಕ್ಕ ಕಟ್ಟು ಕತ್ತರಿಸಿ ನಿಲ್ಲಿಸಿದರೆ ಬಣ್ಣವೂ ಹಚ್ಚಬೇಕಿಲ್ಲ.

ಕೆಂಪು ನೆಲದ ಮೇಲೆ ಹಸಿರು ಮೈ ಎದ್ದು ಕಾಣುತ್ತದೆ, ಅದು ನಿರೀಕ್ಷೆ ಇದ್ದದ್ದೇ. ಮಣಿಪಾಲದಲ್ಲಿ ಆಟಕ್ಕೆ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟಾಗ ಎದುರು ಆಡುತ್ತಿದ್ದವನು ಕೇಳಿದ: "ಇವನಿಗೆ ಕಾಲು ಉಂಟಾ?" ಕಂದು ಚರ್ಮದ ಬೂಟು ಕೆಂಪುಕಲ್ಲಿನಲ್ಲಿ ಸೇರಿ ಹೋಗಿತ್ತು, ಸರದಾರ ಮೊಣಕಾಲಿಂದ ಶುರುವಾಗುತ್ತಿದ್ದ. ಬೂಟಿಗೆ ನೀಲಿ ಕಲಸಿದ ಕಡು ಬೂದು ಹಚ್ಚಿ, ಅಂಚಿಗೆ ತಿಳಿ ಬೂದು ಎಳೆದು, ನೆಲದ ಧೂಳು ಅಂತ ಕೆಂಪುಕಲ್ಲಿನ ಬಣ್ಣವನ್ನು ಹಿಮ್ಮಡಿಗೆ ಮಾತ್ರ ಒಣ ಬ್ರಶ್‌ನಿಂದ ತಾಗಿಸಿದೆ. ಅದೇ ಮೇಜಿನಲ್ಲಿ ಎಲ್ಲರಿಗೂ ನನ್ನ ಪ್ರಶ್ನೆ ಕೇಳಿದೆ. ಹೆಚ್ಚಿನವರು ಮುಖ ಅಂದರು, ಒಬ್ಬ ಮಾತ್ರ ಕೊಡಲಿ ಅಂದ. ಕೊಡಲಿಯ ಬೆಳ್ಳಿ ಅಂಚನ್ನು ಕೆಳಗಿನ ಅರ್ಧದಲ್ಲಿ ಮಂಕು ಮಾಡಿದ್ದೇನೆ, ಮೇಲಿನ ಅರ್ಧ ಹಾಗೇ ಉಂಟು, ಅದು ಮುಖದ ಹತ್ತಿರ ಬರುವುದರಿಂದ ಕಣ್ಣನ್ನು ಆ ಕಡೆಗೇ ಕರೆಯುತ್ತದೆ.

ಬಾಕಿ ಇರುವುದು

ವಾರ್ನಿಶ್ ಬ್ರಶ್‌ನಲ್ಲೇ. ಮ್ಯಾಟ್ ವಾರ್ನಿಶ್ ಬಾಟಲಿಯನ್ನು ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಬರುತ್ತದೆ, ಅಂಗೈಗಳ ನಡುವೆ ಉರುಳಿಸಿ ಕಲಸಬೇಕು, ತಳದಲ್ಲಿ ಕೂತದ್ದು ಪೂರ್ತಿ ಕಲಸದಿದ್ದರೆ ಮ್ಯಾಟ್ ಆಗುವುದೇ ಇಲ್ಲ. ಬೇರೆ ಯಾರಾದರೂ ಮಳೆಯಲ್ಲಿ ಸ್ಪ್ರೇ ಹೊಡೆದು ಬೊಂಬೆ ಬೆಳ್ಳಗಾಗಿ ಕೂತಿದ್ದರೆ ಬಿಸಾಡಬೇಡಿ, ಒಣಗಿದ ಮೇಲೆ ಬ್ರಶ್‌ನಲ್ಲಿ ಹೊಳಪಿನ (ಗ್ಲಾಸಿ) ವಾರ್ನಿಶ್ ಒಂದು ತೆಳು ಕೋಟು ಹಾಕಿ ನೋಡಿ, ಹೆಚ್ಚಿನ ಸಲ ಆ ಮಂಜು ಹೋಗುತ್ತದೆ. ಹೊಳಪು ಬೇಡ ಅನ್ನಿಸಿದರೆ ಅದರ ಮೇಲೆ ಬ್ರಶ್ ಮ್ಯಾಟ್.

ಗುರಾಣಿ ಇನ್ನೂ ಬರೀ ಕಪ್ಪು. ಅದನ್ನು ಬೇರೆಯಾಗಿಯೇ ಇಟ್ಟಿದ್ದೇನೆ, ಐಸ್‌ಕ್ರೀಮ್ ಕಡ್ಡಿಯ ತುದಿಗೆ ಅಂಟಿಸಿಕೊಂಡು. ನಡುವೆ ಒಂದು ಮುಖ ಬರೆಯುವ ಆಲೋಚನೆ ಉಂಟು, ಗುರಾಣಿಯ ಅಗಲ ಎರಡು ಸೆಂಟಿಮೀಟರ್‌ಗಿಂತ ಕಡಿಮೆ, ಮೊದಲು ಅದೇ ಅಳತೆಯ ದುಂಡು ಕಾಗದಗಳ ಮೇಲೆ ಬರೆದು ಕೈ ಕೂರಿಸಬೇಕು. ಆದರೆ ಗುರಾಣಿಯಲ್ಲಿ ಇನ್ನೊಂದು ಮುಖ ಬಂದರೆ ಅಸಲಿ ಮುಖದಿಂದ ಕಣ್ಣು ಎಳೆಯುತ್ತದೋ ಏನೋ. ಎರಡೇ ಬಣ್ಣದಲ್ಲಿ, ಕಡು ಕೆಂಪಿನ ಮೇಲೆ ಕಪ್ಪು, ಬಿಳಿ ಎಲ್ಲೂ ಇಲ್ಲದ ಹಾಗೆ ಮಾಡಿದರೆ ಹಿಂದೆ ಉಳಿದೀತು. ಕಾಗದದ ಮೇಲಿನ ನಮೂನೆಗಳನ್ನು ಈ ವಾರ ಬ್ಲೂಟ್ಯಾಕ್ ಅನ್ನುವ ಅಂಟು ಪುಟ್ಟಿಯಿಂದ ಗುರಾಣಿಗೆ ಅಂಟಿಸಿ, ಜಗಲಿಯಲ್ಲಿ ಕೂತವರಿಗೆ ಅದೇ ಪ್ರಶ್ನೆ ಕೇಳಿ ನೋಡುತ್ತೇನೆ.